ನಾನೂರ ಹದಿನೆಂಟು

ಅತೀಕಾಳ ಆ್ಯಪನ್ನು ಪ್ಲೇ ಸ್ಟೋರ್ ಮೂರನೇ ಸಲವೂ ಬಾಗಿಲಿನಿಂದಲೇ ವಾಪಸ್ ಕಳಿಸಿತು. ಈ ಬಿಲ್ಡ್ ನಂಬರ್ ಈಗಾಗಲೇ ಬಳಕೆಯಾಗಿದೆ, ಬೇರೆ ಕೊಡಿ ಎಂದು ಕೆಂಪಕ್ಷರದಲ್ಲಿ ಬಂತು. ಹೊರಗೆ ಕಾಣುವ ವರ್ಷನ್ ನಂಬರನ್ನು ಅವಳು ಆಗಲೇ ಬದಲಿಸಿ ನೋಡಿದ್ದಳು. ಸ್ಟೋರ್ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಅದು ಲೆಕ್ಕಕ್ಕೆ ಹಿಡಿಯುವುದು ಆ್ಯಪನ್ನು ಕಳಿಸುವಾಗಲೆಲ್ಲ ಒಳಗೆ ಹಾಕುವ ಬಿಲ್ಡ್ ನಂಬರನ್ನು, ಮತ್ತು ಆ ನಂಬರ್ 417.

ಲೋಕದಲ್ಲಿ ಎಲ್ಲರೂ ಒಂದರಿಂದ ಎಣಿಸಲು ಶುರುಮಾಡುತ್ತಾರೆ. ಅತೀಕಾ ಮಾತ್ರ ಮೊದಲ ಸಲ ಅಪ್‌ಲೋಡ್ ಮಾಡುವಾಗ, ಪಕ್ಕದಲ್ಲಿ ಕೂತಿದ್ದ ಅಪ್ಪನನ್ನು ಖುಷಿಪಡಿಸಲು "ಒಂದು ನಂಬರ್ ಹೇಳಿ ಅಬ್ಬಾ" ಅಂದಿದ್ದಳು. ಮೆಹಬೂಬ್ ಸಾಬರು ಯೋಚಿಸಲೇ ಇಲ್ಲ. ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಗ ಅವರ ಟೋಕನ್ ನಂಬರ್ 417. ಇವತ್ತಿಗೂ ಬ್ಯಾಂಕಿನಲ್ಲಿ ಹೆಸರು ಕೇಳಿದರೆ ಮೊದಲು ನಂಬರ್ ಹೇಳಿ, ಆಮೇಲೆ ನಾಲಗೆ ಕಚ್ಚಿಕೊಳ್ಳುವ ಮನುಷ್ಯ.

ಆ್ಯಪ್ ದೊಡ್ಡದೇನಲ್ಲ. ಕಾಗದನಗರದ ಅವರ ಸಾಲುಮನೆಗಳಿಗೆ ನಲ್ಲಿ ನೀರು ಬರುವುದಕ್ಕೆ ಹೊತ್ತುಗೊತ್ತಿಲ್ಲ. ಮೊದಲು ಬರುವುದು ಮೇಲಿನ ಸಾಲಿಗೆ. ಅಲ್ಲಿ ಯಾರಾದರೂ ಒಂದು ಗುಂಡಿ ಒತ್ತಿದರೆ ಕೆಳಗಿನ ಸಾಲಿನ ಫೋನುಗಳು ಕೂಗಬೇಕು, ಮಂಡಿನೋವಿನ ಅಮ್ಮ ಜಹಾನಾರಾ ಬಿಂದಿಗೆ ಇಟ್ಟುಕೊಂಡು ನಲ್ಲಿ ಕಾಯುವುದು ತಪ್ಪಬೇಕು. ಆದರೆ 417ನೇ ಬಿಲ್ಡಿನಲ್ಲಿ ಗುಂಡಿ ಒತ್ತಿದರೆ ಆ್ಯಪೇ ಮುಚ್ಚಿಹೋಗುತ್ತಿತ್ತು. ಅದನ್ನು ಸರಿಮಾಡಿ ಮತ್ತೆ ಹಾಕಲೆಂದೇ ಅವಳು ಭಾನುವಾರ ಶಿವಮೊಗ್ಗದಿಂದ ಅಮ್ಮನ ಮನೆಗೆ ಬಂದು ಕೂತಿದ್ದಳು.

"ಹಳೇದನ್ನ ತೆಗೆದುಹಾಕಿದ್ದೀಯಲ್ಲ, ನಂಬರ್ ಖಾಲಿಯಾಯ್ತಲ್ವಾ?" ಎಂದರು ಸಾಬರು.

"ಇಲ್ಲ ಅಬ್ಬಾ. ಒಂದ್ಸಲ ಹಾಕಿದ ನಂಬರ್ ಮುಗೀತು. ತೆಗೆದ್ರೂ ಮತ್ತೆ ಕೊಡಲ್ಲ. ಇನ್ನು ಅದಕ್ಕಿಂತ ದೊಡ್ಡದೇ ಹಾಕ್ಬೇಕು."

ತಮ್ಮ ನಂಬರನ್ನು ಇನ್ಯಾವುದಕ್ಕೂ ಕೊಡುವುದಿಲ್ಲವೆಂಬುದು ಸಾಬರಿಗೆ ಹಿತವೆನಿಸಿತು. ಚಹಾ ಒಂದು ಗುಟುಕು ಹೆಚ್ಚೇ ಕುಡಿದರು.

"ಹಾಗಾದ್ರೆ 418 ಹಾಕ್ತೀನಿ" ಎಂದಳು ಅತೀಕಾ.

ಸಾಬರು ಲೋಟ ಕೆಳಗಿಟ್ಟರು. "ಅದು ಬೇಡ. ಅದು ಉಜ್ಜನಪ್ಪ."

ಉಜ್ಜನಪ್ಪನವರ ಮನೆ ಮೇಲಿನ ಸಾಲಿನಲ್ಲಿ. ಇಬ್ಬರೂ ಒಂದೇ ದಿನ ಮಿಲ್ಲಿಗೆ ಸೇರಿ, ಒಬ್ಬರ ಹಿಂದೊಬ್ಬರು ನಿಂತು ಟೋಕನ್ ಪಡೆದವರು. ಆಮೇಲೆ ಸಂಬಳದ ಸಾಲಿನಲ್ಲೂ ಹಾಗೇ ನಿಂತರು, ಕ್ಯಾಂಟೀನಿನಲ್ಲೂ ಹಾಗೇ. ಅತೀಕಾ ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಉಜ್ಜನಪ್ಪನವರು ಸಾಬರ ಸೈಕಲ್ ಪಂಪು ಒಯ್ದು, ಒಳಗಿನ ವಾಷರ್ ಇಲ್ಲದೆ ವಾಪಸ್ ತಂದರು. ಕೇಳಿದ್ದಕ್ಕೆ "ಕೊಟ್ಟಾಗ್ಲೇ ಇರ್ಲಿಲ್ಲ" ಅಂದರು. ಅಲ್ಲಿಂದ ಮಾತು ನಿಂತಿತು.

"ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ತಗೊಂಡ್ರು ಇಬ್ರೂ" ಎಂದರು ಜಹಾನಾರಾ, ಅಡುಗೆಮನೆಯಿಂದಲೇ.

ಸಾಬರು ಕಿವಿಗೆ ಹಾಕಿಕೊಳ್ಳಲಿಲ್ಲ. "419 ಹಾಕು. ಕರಿಯಪ್ಪ. ಒಳ್ಳೇ ಮನುಷ್ಯ." ಅವಳು ಒತ್ತುವಷ್ಟರಲ್ಲಿ ತಾವೇ ಕೈ ಅಡ್ಡ ತಂದರು. "ಬೇಡ ಬೇಡ. ಹೋದ ವರ್ಷ ತೀರಿಕೊಂಡ ಪಾಪ. ಅವನ ಕೈಲಿ ಯಾಕೆ ನೀರಿನ ಕೆಲಸ."

"420?"

"ನಾಲ್ಕು ಜನ ಇನ್‌ಸ್ಟಾಲ್ ಮಾಡ್ಬೇಕೋ ಬೇಡ್ವೋ?"

"421?"

"ಪ್ರಸನ್ನಕುಮಾರ್. ಮಗಳ ಜೊತೆ ಹಾಸನಕ್ಕೆ ಹೋದ. ಈಗ ಫೋನ್ ಮಾಡಿದ್ರೆ, ನೀವ್ಯಾರು ಅಂತಾನೆ."

"422?"

"ಗೋವಿಂದ. ಅವನೂ..." ಎಂದು ಶುರುಮಾಡಿದ ಸಾಬರು ಅಲ್ಲಿಗೇ ನಿಲ್ಲಿಸಿದರು.

ಐನೂರು ಹಾಕಿದ್ದರೂ ಸ್ಟೋರ್ ಒಪ್ಪುತ್ತಿತ್ತು. ಅತೀಕಾ ಅದನ್ನು ಹೇಳಲಿಲ್ಲ. ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕಾದಳು. ಅಪ್ಪ ಕಿಟಕಿಯಾಚೆ ಮೇಲಿನ ಸಾಲಿನತ್ತ ನೋಡುತ್ತಿದ್ದರು. ಸಂಬಳದ ದಿನ ತಮ್ಮ ಬೆನ್ನ ಹಿಂದೆ ನೂಕಾಡುತ್ತಿದ್ದ ಸಾಲಿನಲ್ಲಿ ಇನ್ನು ಊರಲ್ಲಿ ಉಳಿದವರು ಯಾರೆಂದು ಅವರು ಲೆಕ್ಕ ಹಾಕುತ್ತಿರುವುದು ಅವಳಿಗೆ ತಿಳಿಯಿತು. ಅಪ್ಪನ ಮೇಲೆ ಅವಳಿಗೆ ಎಂದೂ ಇಲ್ಲದಷ್ಟು ಕನಿಕರ ಬಂತು.

"ಹಾಕು" ಎಂದರು ಸಾಬರು ಕೊನೆಗೆ. "ಅವನದ್ದೇ ಹಾಕು. ಹೇಗಿದ್ರೂ ನೀರು ಮೊದ್ಲು ಬರೋದು ಅವನ ಮನೆಗೇ."

418 ತಕರಾರಿಲ್ಲದೆ ಒಳಗೆ ಹೋಯಿತು. ಎಲ್ಲರಿಗೂ ಸಿಗಲು ಒಂದೆರಡು ದಿನ ಬೇಕು, ಅಷ್ಟರಲ್ಲಿ ಮೇಲಿನ ಸಾಲಿನ ಯಾರದ್ದಾದರೂ ಫೋನಿಗೆ ಹಾಕಿ ನೋಡಬೇಕು ಎಂದು ಅತೀಕಾ ಹೇಳಿ ಮುಗಿಸುವಷ್ಟರಲ್ಲಿ ಸಾಬರು ಚಪ್ಪಲಿ ಮೆಟ್ಟಿಯಾಗಿತ್ತು.

ಅತೀಕಾ ಫೋನು ಹಿಡಿದು ಹಿಂದೆಯೇ ಹೊರಟಳು. ಉಜ್ಜನಪ್ಪನವರ ಗೇಟಿನ ಮುಂದೆ ಬಂದಾಗ ಮಾತ್ರ ಸಾಬರು ನಿಂತುಬಿಟ್ಟರು. ಇಷ್ಟು ವರ್ಷದ ಮೇಲೆ ಹೆಸರು ಹಿಡಿದು ಕೂಗುವುದು ಅವರಿಂದಾಗಲಿಲ್ಲ. ಗಂಟಲು ಸರಿಮಾಡಿಕೊಂಡು, ಸಂಬಳದ ಕೌಂಟರಿನ ಗುಮಾಸ್ತರ ಧಾಟಿಯಲ್ಲೇ ಕೂಗಿದರು.

"ನಾನೂರ ಹದಿನೆಂಟು!"

"ಬಂದೇ!" ಎಂದು ಒಳಗಿನಿಂದ ದನಿ ಬಂತು. ಅದರ ಹಿಂದೆಯೇ ಉಜ್ಜನಪ್ಪನವರೂ ಬಂದರು. ಗೇಟಿನಲ್ಲಿ ನಿಂತವರನ್ನು ಕಂಡದ್ದೇ ತಿರುಗಿ ಒಳಗೆ ಹೋದರು.

ಅಷ್ಟೇ, ಮುಗಿಯಿತು ಅಂದುಕೊಂಡಳು ಅತೀಕಾ. ಅಪ್ಪನ ಮುಖ ನೋಡುವ ಧೈರ್ಯವಾಗದೆ ಫೋನು ನೋಡತೊಡಗಿದಳು.

ಒಳಗೆ ಯಾವುದೋ ಡಬ್ಬ ಉರುಳಿದ ಸದ್ದಾಯಿತು. ಉಜ್ಜನಪ್ಪನವರು ಮತ್ತೆ ಬಂದಾಗ ಕೈಯಲ್ಲಿ ಸಣ್ಣದೊಂದು ಕಾಗದದ ಪೊಟ್ಟಣವಿತ್ತು. ಅಂಗಡಿಯವನು ಹೊಡೆದ ಪಿನ್ನು ಹಾಗೇ ಇತ್ತು, ತುಕ್ಕು ಹಿಡಿದು ಕೆಂಪಾಗಿತ್ತು. ಸಾಬರು ಬಿಡಿಸಿ ನೋಡಿದರೆ, ಹೊಸ ವಾಷರ್.

"ಅವತ್ತು ಸಂಜೆನೇ ತಂದಿದ್ದೆ" ಎಂದರು ಉಜ್ಜನಪ್ಪ. "ನೀನು ಮತ್ತೆ ಕೇಳ್ಲೇ ಇಲ್ಲ."

ಸಾಬರು ಅದನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಸೈಕಲ್ ಮಾರಿಬಿಟ್ಟೆ, ಮಾರಾಯ" ಎಂದರು.