ಡೈಪರ್ ಚೀಲದ ಕಲ್ಲು

ಥೀಮ್ ಪಾರ್ಕಿನ ಗೇಟಿನಲ್ಲಿ ಕಾವಲಿಗಿದ್ದ ಪೂನಂ ಡೈಪರ್ ಚೀಲದೊಳಗೆ ಕೈ ಹಾಕಿ ಮೊದಲು ಹಾಲಿನ ಬಾಟಲಿ ತೆಗೆದಳು, ಆಮೇಲೆ ಕೂಸಿನ ಎರಡು ಜಬಲಾ ಅಂಗಿ, ಆಮೇಲೆ ಅರ್ಧ ತೆಂಗಿನಕಾಯಿಯಷ್ಟು ದೊಡ್ಡ ಒಂದು ಕೆಂಪು ಕಲ್ಲು. ಜನರ ಚೀಲಗಳಲ್ಲಿ ಅವಳು ಕುಕ್ಕರನ್ನೂ ಕಂಡವಳು. ಕಲ್ಲನ್ನು ಮಾತ್ರ ಕಂಡಿರಲಿಲ್ಲ.

"ಇದೇನ್ರಿ ಅಕ್ಕಾ?"

ಉಜ್ವಲಾಳ ಮುಖ ಕಲ್ಲಿಗಿಂತ ಕೆಂಪಾಯಿತು. ತಿರುಗಿ ಮಾವನನ್ನು ನೋಡಿದಳು. ಎಂಟು ತಿಂಗಳ ಮೊಮ್ಮಗ ಮಲಗಿದ್ದ ಬಾಬಾಗಾಡಿಯನ್ನು ತಳ್ಳುತ್ತ ಸಿದ್ದಪ್ಪ ಮುಂದೆ ಬಂದ.

"ನಂದವ್ವಾ ಅದು. ಗಾಡಿ ನಿಂದರಿಸಿದಾಗ ಗಾಲಿಗೆ ಕೊಡಾಕ. ಒಳಗೆಲ್ಲಾ ಸಿಮೆಂಟ್ ಹಾಕ್ಯಾರಂತ, ಕಲ್ಲು ಸಿಗ್ತದೋ ಇಲ್ಲೋ ಅಂತ ಮನಿಯಿಂದಾನೇ ತಂದೀನಿ."

ಪೂನಂ ಕಿಸಕ್ಕನೆ ನಕ್ಕಳು. "ನಮ್ಮಪ್ಪನೂ ಹಳ್ಳಿಖೇಡ ಕಾರ್ಖಾನಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೀತಾನ್ರಿ ಕಾಕಾ. ಟ್ರಾಲಿ ನಿಂತಲ್ಲೆಲ್ಲಾ ಗಾಲಿಗೆ ಕಲ್ಲು ಕೊಡ್ತಾನ. ಒಯ್ರಿ, ಒಯ್ರಿ."

ಸಿದ್ದಪ್ಪನೂ ಮೂವತ್ತು ವರ್ಷ ಕಬ್ಬು ತುಂಬಿದ ಎರಡೆರಡು ಟ್ರಾಲಿ ಎಳೆದವನು. ಹೋದ ವರ್ಷವಷ್ಟೇ ಸ್ಟೇರಿಂಗ್ ಬಿಟ್ಟಿದ್ದ. ಸೋಮವಾರದಿಂದ ಉಜ್ವಲಾ ಹುಮನಾಬಾದಿನ ಆಸ್ಪತ್ರೆಯಲ್ಲಿ ಮತ್ತೆ ನರ್ಸ್ ಕೆಲಸಕ್ಕೆ ಹೋಗಬೇಕು. ನಾಲ್ಕು ವರ್ಷದ ವರ್ಷಾ, ಹಾಲುಗೂಸು ಬಸವಕಿರಣ, ಇಬ್ಬರನ್ನೂ ಹಗಲೆಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದು ಸಿದ್ದಪ್ಪ ಹೇಳಿ ಹದಿನೈದು ದಿನವಾಗಿತ್ತು. ಉಜ್ವಲಾ ಹೂಂ ಅಂದಿರಲಿಲ್ಲ. ಅತ್ತೆ ಇಲ್ಲದ ಮನೆ, ದೂರದ ಊರಲ್ಲಿ ದುಡಿಯುವ ಗಂಡ, ಮಾವನದು ಟ್ರ್ಯಾಕ್ಟರ್ ಹೊಡೆದ ಕೈ. ಅದಕ್ಕಿಂತ ಮಕ್ಕಳನ್ನು ಬಸವಕಲ್ಯಾಣಕ್ಕೆ ತವರಿಗೆ ಕಳಿಸಿಬಿಡುವುದೇ ವಾಸಿ ಎಂದು ಅವಳ ಲೆಕ್ಕ. ಮಕ್ಕಳಿಲ್ಲದ ಮನೆಯಲ್ಲಿ ತಾನೊಬ್ಬನೇ ಏನು ಮಾಡುವುದೆಂದು ಸಿದ್ದಪ್ಪನ ಸಂಕಟ. ಇವತ್ತಿನ ಸುತ್ತಾಟ ಒಂದು ಪರೀಕ್ಷೆ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಬ್ಬಾ, ಅವನು ಗಾಡಿ ನಡೆಸುವುದನ್ನು ನೋಡಬೇಕಿತ್ತು! ತಿರುವು ಬಂದರೆ ಹಿಂದೆ ಎರಡು ಟ್ರಾಲಿ ಇವೆಯೇನೋ ಎಂಬಂತೆ ಅಗಲವಾಗಿ ಸುತ್ತು ಹಾಕುವನು. ಇಳಿಜಾರು ಬಂದರೆ ಗಾಡಿ ತಿರುಗಿಸಿ, ತಾನು ಕೆಳಗೆ ನಿಂತು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಇಳಿಸುವನು. ಉಬ್ಬು ಸಿಕ್ಕರೆ ಒಂದು ಗಾಲಿ ಹತ್ತಿಸಿ, ಆಮೇಲೆ ಇನ್ನೊಂದು. "ಬಾಜೂ ಸರೀರಿ, ಬಾಜೂ ಸರೀರಿ" ಎಂದು ಗದ್ದಲದ ನಡುವೆ ದಾರಿ ಬಿಡಿಸಿಕೊಳ್ಳುವನು. ಇಡೀ ಪಾರ್ಕಿನ ಮಕ್ಕಳು ಅಳುತ್ತಿದ್ದರೂ ಬಸವಕಿರಣನ ನಿದ್ದೆ ಕೆಡಲಿಲ್ಲ. ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಉಜ್ವಲಾ ಮೆಚ್ಚಿದಳು. ಆದರೆ ನಿಂತಲ್ಲೆಲ್ಲ ಆ ಕಲ್ಲು! ತಿರುಗುವ ಕುದುರೆಗಳ ಹತ್ತಿರ ಇಬ್ಬರು ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು, ಒಬ್ಬಳು ಫೋಟೋನೂ ತೆಗೆದಳು.

ಪುಟ್ಟ ರೈಲು ನಿಲ್ಲುವ ಜಾಗದಿಂದ ದಾರಿ ಕೊಳದವರೆಗೂ ಇಳಿಜಾರು. ಸಿದ್ದಪ್ಪ ಕಲ್ಲು ತೆಗೆದು ಗಾಲಿಗೆ ಕೊಟ್ಟ. ಉಜ್ವಲಾಳಿಗೆ ತಡೆಯಲಾಗಲಿಲ್ಲ.

"ಇದಕ್ಕ ಬ್ರೇಕ್ ಅದ ಮಾಮಾ. ಎಲ್ಲಾರೂ ನಗಾಕತ್ತಾರ." ಬ್ರೇಕನ್ನು ಕಾಲಿಂದ ಒತ್ತಿ, ಅದೇ ಕಾಲಿಂದ ಕಲ್ಲನ್ನು ಬೆಂಚಿನ ಕೆಳಗೆ ನೂಕಿದಳು.

ಸಿದ್ದಪ್ಪ ವರ್ಷಾಳನ್ನು ರೈಲಿನಲ್ಲಿ ಕೂರಿಸಿ ಬೆಲ್ಟು ಹಾಕಲು ಹೋದ. ರೈಲು ಕೂಗಿತು, ವರ್ಷಾ ಕೈ ಬೀಸಿದಳು, ಉಜ್ವಲಾ ಎರಡೂ ಕೈಯಲ್ಲಿ ಮೊಬೈಲ್ ಹಿಡಿದಳು. ಬ್ರೇಕ್ ಅರ್ಧವಷ್ಟೇ ಕೂತಿತ್ತು. ಗಾಡಿ ಒಂದು ಸಲ ಅಲುಗಿ, ಇಳಿಜಾರಿನ ದಾರಿ ಹಿಡಿಯಿತು.

ಉಜ್ವಲಾ ಚೀರಿದಳು. ಬೆಂಚಿನಲ್ಲಿದ್ದವರೆಲ್ಲ ಎದ್ದು ಗಾಡಿಯ ಬೆನ್ನು ಹತ್ತಿದರು. ಸಿದ್ದಪ್ಪನೊಬ್ಬ ಬೆನ್ನು ಹತ್ತಲಿಲ್ಲ. ದಾರಿ ಕೆಳಗೆ ಎಲ್ಲಿ ಹೊರಳುತ್ತದೆಂದು ನೋಡಿದ, ಹೂವಿನ ಪಾತಿ ಹಾರಿದ, ಹುಲ್ಲಿನ ಮೇಲೆ ನೇರ ಇಳಿದು ಗಾಡಿ ಬರುವ ಮೊದಲೇ ಅದರ ಎದುರು ಕಾಲೂರಿ ನಿಂತ. ಎರಡೂ ಕೈ ಚಾಚಿ, ಎದೆಗೊಟ್ಟು ತಡೆದ. ಅವನ ಬೆನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ನೀರು. ಬಸವಕಿರಣ ಕಣ್ಣು ಬಿಟ್ಟು, ಅಜ್ಜನ ಮೀಸೆ ನೋಡಿ ನಕ್ಕ.

ಸಿದ್ದಪ್ಪ ಗಾಡಿಯ ಹಿಡಿಕೆ ಬಿಡದೆ ಹಾಗೇ ನೆಲಕ್ಕೆ ಕುಳಿತ. ಉಜ್ವಲಾ ಓಡಿ ಬಂದು ಮಗನನ್ನು ಎತ್ತಿಕೊಂಡು ಗೊಳೋ ಎಂದು ಅತ್ತಳು.

"ತಪ್ಪಾಯ್ತು ಮಾಮಾ."

"ನಿಂದೇನ್ ತಪ್ಪವ್ವಾ. ಬ್ರೇಕ್ ಹಿಡದದೋ ಇಲ್ಲೋ ಕಣ್ಣಿಗೆ ಕಾಣಂಗಿಲ್ಲ. ಕಲ್ಲು ಕಾಣ್ತದ."

ಮೇಲೆ ಬಂದ ಮೇಲೆ ಬೆಂಚಿನ ಕೆಳಗೆ ಬಗ್ಗಿ ಕಲ್ಲು ಹುಡುಕಿ ಗಾಲಿಗೆ ಕೊಟ್ಟವಳು ಉಜ್ವಲಾ. ವರ್ಷಾ ರೈಲಿಳಿದು ಬಂದು, ಇನ್ನೊಂದು ಸುತ್ತು ಬೇಕೆಂದು ಹಟ ಹಿಡಿದು, ಹತ್ತಿ, ಇಳಿದಳು.

ಸಂಜೆ ಗೇಟಿನ ಹತ್ತಿರ ಬಂದಾಗ ಉಜ್ವಲಾ ಚೀಲ ತಡಕಾಡಿ ಗಕ್ಕನೆ ನಿಂತಳು. "ಇಲ್ಲೇ ನಿಂದರ್ರಿ ಮಾಮಾ" ಎಂದವಳೇ ರೈಲಿನ ಕಡೆ ಓಡಿದಳು. ಹತ್ತು ನಿಮಿಷದ ಮೇಲೆ ಏದುಸಿರು ಬಿಡುತ್ತ ಬಂದಳು.

"ಏನ್ ಮರ್ತಿದ್ರಿ ಅಕ್ಕಾ, ಮೊಬೈಲಾ?" ಪೂನಂ ಕೇಳಿದಳು.

"ಕಲ್ಲು."

ಸೆರಗಿನಿಂದ ಅದರ ಮಣ್ಣು ಒರೆಸಿ, ಹಾಲಿನ ಬಾಟಲಿಯ ಪಕ್ಕದಲ್ಲಿಟ್ಟು ಚೀಲದ ಜಿಪ್ ಎಳೆದಳು.

"ಇದಕ್ಕ ಅಷ್ಟು ದೂರ ಓಡಿದಿ ಏನವ್ವಾ? ನಮ್ಮ ಕಡೆ ಕಲ್ಲಿಗೇನು ಬರಗಾಲ?" ಅಂದ ಸಿದ್ದಪ್ಪ.

"ಇದಾ ಇರ್ಲಿ ಮಾಮಾ. ಸೋಮವಾರ ನಾ ಡ್ಯೂಟಿಗೆ ಹೋದ ಮ್ಯಾಲ ನಿಮಗ ಬೇಕಾಗ್ತದ."