ನೆಂಟರ ಕೋಣೆಯ ಹಾಸಿಗೆ

ಕಾರಿನ ಅಡಿಯಲ್ಲಿ ಮನುಷ್ಯ ಎಂಥ ಹಾಸಿಗೆಯ ಮೇಲೆ ಮಲಗಬೇಕು ಎಂಬುದು ಹಗುರವಾಗಿ ತೀರ್ಮಾನಿಸುವ ವಿಷಯವಲ್ಲ. ಹಲ್ಲಿನ ಡಾಕ್ಟರು ಅದನ್ನು ವಾರವಿಡೀ ಯೋಚಿಸಿದ್ದರು. ದಿನವೂ ಊರಿನವರನ್ನೆಲ್ಲ ಕುರ್ಚಿಯಲ್ಲಿ ಮಲಗಿಸಿ ತಾವು ಬಗ್ಗಿ ನಿಲ್ಲುವವರು, ರಜೆಯ ದಿನವಾದರೂ ಮಲಗಿ ಕೆಲಸ ಮಾಡೋಣವೆಂದು ಆಸೆಪಟ್ಟರೆ ತಪ್ಪೇನಿಲ್ಲ. ಅಜ್ಜನ ಕಾಲದ ಕಾರಿನ ಕೆಳಗೆ ಈಗ ತಲೆಗೆ ದಿಂಬು, ಬಲಗೈ ಪಕ್ಕದಲ್ಲಿ ಸ್ಪ್ಯಾನರುಗಳ ತಟ್ಟೆ, ಕಣ್ಣಿಗೆ ಹೊಡೆಯದಂತೆ ದೀಪ, ಗೇರ್‌ಬಾಕ್ಸಿನ ಹಿಂಬದಿ ಇಣುಕಲು ದವಡೆ ಹಲ್ಲು ನೋಡುವ ಪುಟ್ಟ ಕನ್ನಡಿ, ಎಲ್ಲ ಸಜ್ಜಾಗಿದ್ದವು. ತೊಡಕು ಒಂದೇ. ಕಾರನ್ನು ಹೊತ್ತು ನಿಲ್ಲಬೇಕಾದ ಎರಡು ಕಬ್ಬಿಣದ ಸ್ಟ್ಯಾಂಡುಗಳ ನಡುವೆ ಹಾಸಿಗೆ ಹಿಡಿಸಲಿಲ್ಲ. ಡಾಕ್ಟರು ಹಾಸಿಗೆಯನ್ನು ಉಳಿಸಿಕೊಂಡು ಸ್ಟ್ಯಾಂಡುಗಳನ್ನು ಈಚೆಗಿಟ್ಟರು. ಕಾರನ್ನು ಎತ್ತಿ ಹಿಡಿಯಲು ಜಾಕ್ ಇದೆಯಲ್ಲ! ಕೈಗೆ ಸಿಗುವಂತಿದ್ದ ಒಂದು ಸ್ಟ್ಯಾಂಡಿನ ಮೇಲೆ ಕಾಫಿ ಕಪ್ಪು ಕೂತಿತು.

ಷೆಡ್ಡಿನ ಬಾಗಿಲಲ್ಲಿ ಹೆಂಡತಿಯ ಚಪ್ಪಲಿ ಕಾಣಿಸಿಕೊಂಡವು.

"ರೀ, ನೆಂಟರ ಕೋಣೆ ಹಾಸಿಗೆ ಎಲ್ಲಿ?"

"ಯಾವ ಹಾಸಿಗೆ?" ಎಂದಿತು ಕಾರು.

"ನೀವು ಮಲಗಿದ್ದೀರಲ್ಲ, ಅದು. ಸಂಜೆ ನಮ್ಮಣ್ಣ ಅತ್ತಿಗೆ ಬರ್ತಾರೆ. ಅವರೇನು ಗ್ರೀಸಿನ ಮೇಲೆ ಹೊರಳಾಡಬೇಕಾ?"

"ನಿಮ್ಮಣ್ಣ ಎಲ್ಲಿ ಮಲಗಿಸಿದ್ರೂ ಗೊರಕೆ ಹೊಡೀತಾರೆ ಬಿಡು."

"ಅವರ ಗೊರಕೆ ವಿಚಾರ ಆಮೇಲೆ. ಮೊದಲು ಏಳಿ ಮೇಲೆ."

ಇದಕ್ಕೂ ಡಾಕ್ಟರ ಬಳಿ ಉತ್ತರವಿತ್ತು, ನಾಲಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಸೈಲೆನ್ಸರ್ ಪೈಪು ಅಂಗಿಯ ಗುಂಡಿಯನ್ನು ಮುಟ್ಟಿತು. ಈಗಷ್ಟೇ ಅದಕ್ಕೂ ಗುಂಡಿಗೂ ನಡುವೆ ಗೇಣಿನಷ್ಟು ಜಾಗವಿತ್ತು. ಅವರು ಉಸಿರು ಬಿಟ್ಟರು. ಎದೆ ಇಳಿಯಿತು, ಪೈಪೂ ಅದರ ಬೆನ್ನಿಗೇ ಇಳಿದು ಬಂತು. ಜಾಕಿನ ಎಣ್ಣೆ ಸೋರುತ್ತಿದೆ! ಸ್ಪ್ಯಾನರು ಹಿಡಿದ ಕೈಗಳೆರಡೂ ಎದೆಯ ಮೇಲೆ ಹಾಗೇ ಸಿಕ್ಕಿಕೊಂಡವು. ಒದ್ದು ಜರುಗೋಣವೆಂದರೆ ಹಿಮ್ಮಡಿ ಮೆತ್ತೆಯಲ್ಲಿ ಹೂತು ಹೋಗುತ್ತಿತ್ತು. ಬೆನ್ನಿಗೆ ಸುಖವಾಗಲೆಂದು ಆರಿಸಿದ ದಪ್ಪ ಹಾಸಿಗೆ ಅವರನ್ನು ಎತ್ತಿ ಕಾರಿನ ಹೊಟ್ಟೆಗೆ ಒಪ್ಪಿಸುತ್ತಿತ್ತು.

"ಒಂಚೂರು ಇಲ್ಲಿ ಬಾ."

"ನಾನ್ಯಾಕೆ ಬರಲಿ? ನೀವೇ ಬನ್ನಿ."

"ಬರೋಕಾಗ್ತಿಲ್ಲ ಕಣೇ."

ಅಂಥ ದನಿ ತಮ್ಮಲ್ಲಿದೆಯೆಂದು ಡಾಕ್ಟರಿಗೇ ಗೊತ್ತಿರಲಿಲ್ಲ. ಚಪ್ಪಲಿಗಳ ಪಕ್ಕದಲ್ಲಿ ಹೆಂಡತಿಯ ಮುಖ ಅಡ್ಡಡ್ಡಲಾಗಿ ಇಳಿದು ಬಂತು, ನೋಡನೋಡುತ್ತ ಸುಣ್ಣದಂತಾಯಿತು.

"ಅಯ್ಯೋ! ಕಾಲು ಹಿಡಿದು ಎಳೀಲಾ?"

"ಬೇಡ, ಪೈಪು ಎದೆ ಮೇಲೆ ಕೂತಿದೆ. ಜಾಕಿನ ಹ್ಯಾಂಡಲ್ ಹಿಡ್ಕೊ. ಮೇಲೆ ಕೆಳಗೆ ಆಡಿಸು. ತಿರುಗಿಸಿಗಿರುಗಿಸಿಬಿಟ್ಟೀಯ, ಪೂರ್ತಿ ಕೂತುಬಿಡತ್ತೆ."

"ಯಾವ ಕಡೆ ತಿರುಗಿಸಬಾರದು?"

"ಯಾವ ಕಡೇನೂ!"

ಆಡಿಸಿದಳು. ಏನೂ ಆಗಲಿಲ್ಲ. ಮತ್ತೆ ಆಡಿಸಿದಳು. ಕಾರು ನರಳಿ, ಕೂದಲೆಳೆಯಷ್ಟು ಎದ್ದಿತು. ಡಾಕ್ಟರಿಗೆ ಅರ್ಧ ಉಸಿರು ದಕ್ಕಿತು. ಆಕೆ ಸೆರಗು ಸರಿಮಾಡಿಕೊಳ್ಳಲು ಕೈ ತೆಗೆದದ್ದೇ ತಡ, ಆ ಅರ್ಧವೂ ವಾಪಸು ಹೋಯಿತು.

"ನಿಲ್ಲಿಸ್ಬೇಡ!"

"ಪಕ್ಕದ ಮನೆಯವರನ್ನ ಕೂಗಿ ಬರ್ತೀನಿ ರೀ."

"ನೀನು ಹೋದ್ರೆ ಇದನ್ನ ಯಾರು ಆಡಿಸ್ತಾರೆ? ಸ್ಟ್ಯಾಂಡು... ಕಪ್ಪಿನ ಕೆಳಗಿರೋದು. ಕಾಲಲ್ಲೇ ತಳ್ಳು."

ಕೈ ಹ್ಯಾಂಡಲಿನಲ್ಲೇ ಇತ್ತು. ಕಾಲೊಂದು ಚಪ್ಪಲಿ ಕಳಚಿ ಉದ್ದಕ್ಕೆ ಚಾಚಿತು. ಕಪ್ಪು ಬಿದ್ದು ಚೂರಾಯಿತು. ಚೂರುಗಳ ನಡುವೆಯೇ ಬರಿಗಾಲು ಸ್ಟ್ಯಾಂಡನ್ನು ಕಾರಿನಡಿಗೆ ದಬ್ಬುತ್ತಾ ಬಂತು. ಹೆಬ್ಬೆರಳಿಗೆ ಒಂದು ಚೂರು ಹೊಕ್ಕದ್ದು ದೀಪದ ಬೆಳಕಿನಲ್ಲಿ ಡಾಕ್ಟರಿಗೆ ಕಂಡಿತು, ಹೆಂಡತಿಗೆ ತಿಳಿದಂತೆ ತೋರಲಿಲ್ಲ.

"ಎಡಕ್ಕೆ."

"ನಿಮ್ಮೆಡಕ್ಕೋ, ನನ್ನೆಡಕ್ಕೋ?"

"ನಿನ್ನ ಎಡಕ್ಕೇ ತಾಯಿ! ಇನ್ನೂ ಒಳಗೆ. ಸ್ಟ್ಯಾಂಡಿನ ತಲೆ ತಗಲ್ತಿದೆ, ಕಾರನ್ನ ಇನ್ನೊಂಚೂರು ಎತ್ತು... ಹಾಂ, ಹೊಕ್ಕಿತು. ಸಾಕು. ಬಿಡು ಇನ್ನು."

ಆಕೆ ಬಿಡಲಿಲ್ಲ. ಕಾರು ಏಳುತ್ತಲೇ ಇತ್ತು. ಡಾಕ್ಟರು ಕೈ ಬಿಡಿಸಿಕೊಂಡು, ಕಾರಿನ ಪಕ್ಕದ ಕಬ್ಬಿಣದ ಪಟ್ಟಿಯನ್ನು ಹಿಡಿದು, ಹುಳುವಿನಂತೆ ತೆವಳಿ ಹೊರಬಿದ್ದರು. ಎದ್ದು ನಿಂತರು. ಹೆಂಡತಿ ಕಾರಿನಡಿಯ ಖಾಲಿ ಜಾಗವನ್ನೇ ದಿಟ್ಟಿಸುತ್ತ ಹ್ಯಾಂಡಲ್ ಆಡಿಸುತ್ತಿದ್ದಳು.

"ನಾನಿಲ್ಲಿದ್ದೀನಿ ಕಣೇ."

ಆಕೆ ತಿರುಗಿ ಅವರನ್ನು ನೋಡಿದಳು. ಮತ್ತೊಮ್ಮೆ ಆಡಿಸಿದಳು. ಡಾಕ್ಟರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹೆಂಡತಿಯ ಬೆರಳುಗಳನ್ನು ಹ್ಯಾಂಡಲಿನಿಂದ ಒಂದೊಂದಾಗಿ ಬಿಡಿಸಿದರು. ಕಾರು ಮೆಲ್ಲಗೆ ಕೆಳಗಿಳಿದು, ಸ್ಟ್ಯಾಂಡಿನ ಮೇಲೆ ನಿಂತಿತು.