ಎರಡು ಬಯಲುಗಳ ಮಣ್ಣು

ಹೊರಗೆ ಚಪ್ಪಲಿ ಸದ್ದಾಯಿತು. ಚಿಕ್ಕ ಡಾಕ್ಟರಮ್ಮ ಉಸಿರು ಬಿಗಿಹಿಡಿದಳು. ಸದ್ದು ದಾಟಿಹೋದ ಮೇಲೆ ಕೊನೆಯ ಚೀಲದ ಚೀಟಿ ಕಿತ್ತು ಪಕ್ಕದ ಚೀಲಕ್ಕೆ ಅಂಟಿಸಿದಳು. ಈಗ ದನ ಮೇಯ್ದ ಬಯಲಿನ ಮಣ್ಣಿಗೆ ದನ ಕಾಲಿಡದ ಬಯಲಿನ ಚೀಟಿ. ಅದರ ಚೀಟಿ ಇದಕ್ಕೆ.

ಮಣ್ಣು ಹೋಗುವುದು ಹೊರಗಿನ ಪ್ರಯೋಗಾಲಯಕ್ಕೆ. ಅಲ್ಲಿಯವರು ಚೀಟಿ ನೋಡುತ್ತಾರೆ, ಮುಖ ನೋಡುವುದಿಲ್ಲ.

ಮಣ್ಣು ವಿಜ್ಞಾನ ವಿಭಾಗದ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಹೋದಲ್ಲೆಲ್ಲ ಸಾರಿದ್ದು ಒಂದೇ ಮಾತು: ದನಗಳನ್ನು ದಿನಕ್ಕೊಂದು ತುಂಡು ನೆಲದಲ್ಲಿ ಮೇಯಿಸಿ, ಗಾಳಿಯ ಇಂಗಾಲ ತಾನಾಗಿ ಮಣ್ಣು ಸೇರುತ್ತದೆ. ಈ ಪರೀಕ್ಷೆಯಲ್ಲಿ ಅದು ಸುಳ್ಳಾದರೆ ಅವರ ಕುರ್ಚಿ ಹೋದಂತೆಯೇ. ಹೋಗಲಿ ಎಂದೇ ಅವಳು ಕಾದಿದ್ದಳು. ಸಗಣಿಯಿಂದ ಏಳುವ ಮೀಥೇನನ್ನು ಉರಿಬಿಸಿಲಲ್ಲಿ ಕೂತು ಅಳೆದವಳು ಅವಳು. ಪ್ರಬಂಧ ಅಚ್ಚಾದಾಗ ಹೆಸರು ಅವರೊಬ್ಬರದೇ. ನಾತ ಇವಳಿಗೆ, ಕೀರ್ತಿ ಅವರಿಗೆ. ಕೇಳಿದ್ದಕ್ಕೆ, "ನಿನಗಿನ್ನೂ ವಯಸ್ಸಿದೆಯಲ್ಲಮ್ಮ" ಅಂದಿದ್ದರು.

ಚೀಲಗಳನ್ನು ಪೆಟ್ಟಿಗೆಗೆ ತುಂಬುವಾಗ ಅವರೇ ಒಳಗೆ ಬಂದರು. ಮುಖ ಬಾಡಿತ್ತು.

"ಇವತ್ತೇ ಕಳಿಸ್ಬೇಕಾ? ಇನ್ನೊಂದು ವರ್ಷ ಮೇಯಿಸಿ ನೋಡಿದ್ರೆ?"

ಇನ್ನೊಂದು ವರ್ಷ ಮೆರೆಯುವ ಆಸೆಯೇನೋ ಮುದುಕನಿಗೆ, ಎಂದುಕೊಂಡಳು.

"ಹಣ್ಣಾಗಿರೋದನ್ನ ಕೊಯ್ಯದೆ ಬಿಟ್ರೆ ಕೊಳೆಯುತ್ತೆ ಸಾರ್. ನಿಮ್ಮ ಮಣ್ಣಿನ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ನಿನಗಿದೆಯಾ?"

"ಪೂರ್ತಿ ಇದೆ ಸಾರ್."

ಅದಂತೂ ಅಪ್ಪಟ ನಿಜ. ನಂಬಿಕೆ ಇದ್ದುದರಿಂದಲೇ ಚೀಟಿ ಬದಲಾಯಿಸಿದ್ದು.

ಫಲಿತಾಂಶದ ದಿನ ಅವಳು ಮುಂದಿನ ಸಾಲಿನಲ್ಲೇ ಕೂತಳು. ಬೀಳುವವರ ಮುಖ ಹತ್ತಿರದಿಂದ ನೋಡಬೇಕಿತ್ತು. ಸಂಸ್ಥೆಯ ನಿರ್ದೇಶಕರು ಕನ್ನಡಕ ಏರಿಸಿ ಓದಿದರು: "ದನ ಮೇಯ್ದ ಬಯಲಿನ ಮಣ್ಣಲ್ಲಿ ಇಂಗಾಲ ಎಷ್ಟೋ ಪಾಲು ಹೆಚ್ಚು. ಭೇಷ್ ಡಾಕ್ಟ್ರೇ!"

ಚಪ್ಪಾಳೆ ಮುಗಿಲು ಮುಟ್ಟಿತು. ಅವಳ ಕೈಗಳು ಮಾತ್ರ ಮಡಿಲಲ್ಲೇ ಮರಗಟ್ಟಿದವು. ಚೀಟಿ ಬದಲಾಗಿದ್ದು ನಿಜ. ಹಾಗಾದರೆ? ಬಾಯಿ ಬಿಟ್ಟು ಕೇಳೋಣವೆಂದರೆ ಮೊದಲು ಹೋಗುವುದು ತನ್ನದೇ ಕೆಲಸ.

ದೊಡ್ಡ ಡಾಕ್ಟರು ಕಣ್ಣೊರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತರು.

"ಅವತ್ತು ನೀನು ಹಟ ಹಿಡಿದು ಕಳಿಸಿದ್ದಕ್ಕೆ ಬದುಕಿದೆ ಕಣಮ್ಮ. ಅದಕ್ಕೂ ಮೊದಲೇ ಗುಟ್ಟಾಗಿ ನಾನೇ ಎರಡೂ ಬಯಲಿನ ಒಂದೊಂದು ಹಿಡಿ ಮಣ್ಣು ಪರೀಕ್ಷೆ ಮಾಡಿಸಿದ್ದೆ. ದನ ಮೇಯ್ದ ಕಡೆ ಇಂಗಾಲ ಇಳಿದುಹೋಗಿತ್ತು! ಎಲ್ಲೋ ತಪ್ಪು ಜಾಗ ಅಗೆದಿರ್ಬೇಕು ಬಿಡು."

ಅವರು ಇನ್ನಷ್ಟು ಬಾಗಿ, ಸಂಕೋಚದಿಂದ ಪಿಸುಗುಟ್ಟಿದರು:

"ಸೋತ್ರೆ ನಾನು ಎದ್ದುಹೋಗ್ತೀನಿ, ಕುರ್ಚಿ ನಿನಗೇ ಕೊಡಿ ಅಂತ ನಿರ್ದೇಶಕರಿಗೆ ಹೇಳಿಯೂ ಆಗಿತ್ತು."